ರೇಣುಕೆಯ ಕೊಡ, ತಾಯಿ ಕಾರ್ಡು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಬೆಟ್ಟದ ಗುಹೆಯಲ್ಲಿ ನೆಲೆಸಿರುವ ರೇಣುಕಾಂಬೆಯನ್ನು ಸುತ್ತಲಿನ ಜನ ಗುತ್ಯಮ್ಮ ಎನ್ನುತ್ತಾರೆ. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಗುತ್ಯಪ್ಪ, ಗುತ್ಯಮ್ಮ ಎಂಬ ಹೆಸರಿನವರು ಈಗಲೂ ಸಿಗುತ್ತಾರೆ. ಹರಕೆ ಹೊತ್ತ ಮನೆಯವರು ಮಗುವಿಗೆ ದೇವಿಯ ಹೆಸರಿಡುವುದು ವಾಡಿಕೆ. ಮಕ್ಕಳ ಫಲಕ್ಕಾಗಿ ಬೇಡಿಸಿಕೊಳ್ಳುವ ಈ ದೇವಿ ಸ್ವತಃ ಐದು ಮಕ್ಕಳ ತಾಯಿ. ಆ ಐವರಲ್ಲಿ ಒಬ್ಬ ಅವಳ ತಲೆ ಕಡಿದ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಹಸಿ ಮರಳಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ದಿನವೂ ನೀರು ತರುತ್ತಿದ್ದ ಜಮದಗ್ನಿಯ ಹೆಂಡತಿ ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದ ಚಿತ್ರರಥನನ್ನು ಕಂಡಳು. ಕ್ಷಣಹೊತ್ತು ಮನಸ್ಸು ಅಲುಗಿತು. ಕೊಡ ಕರಗಿತು. ಅವಳು ಏನನ್ನೂ ಮಾಡಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಅಷ್ಟಕ್ಕೇ ಗಂಡ ಮಕ್ಕಳನ್ನು ಕರೆದು ಕೊಲ್ಲೆಂದ. ಹಿರಿಯ ನಾಲ್ವರು ಒಲ್ಲೆವೆಂದು ಶಾಪ ಉಂಡರು, ಪರಶುರಾಮ ಕೊಡಲಿ ಎತ್ತಿದ. ಚಂದ್ರಗುತ್ತಿಯವರ ಕಥೆಯಲ್ಲಿ ರೇಣುಕೆ ಓಡಿ ಬಂದು ಇದೇ ಗುಹೆಯಲ್ಲಿ ಅಡಗಿದಳು. ಮಹಾಭಾರತದ ವನಪರ್ವದಲ್ಲಿ ಇನ್ನೊಂದು ವಿವರವಿದೆ, ಹೆಚ್ಚಿನವರು ಅದನ್ನು ಓದಿ ಮುಂದೆ ಹೋಗುತ್ತಾರೆ. ತಂದೆ ಮೆಚ್ಚಿ ವರ ಕೊಡಲು ಬಂದಾಗ ಪರಶುರಾಮ ತಾಯಿ ಬದುಕಲಿ ಎಂದಷ್ಟೇ ಕೇಳುವುದಿಲ್ಲ. ತಾನು ಕೊಲೆಯಾದದ್ದು ಆಕೆಗೆ ನೆನಪಿರಬಾರದು ಎಂದೂ ಕೇಳುತ್ತಾನೆ.

ತಾಯಿಗೆ ನೆನಪಿರಬಾರದು, ಆಗ ಸಂಸಾರ ಮೊದಲಿನಂತೆ ಸಾಗುತ್ತದೆ. ಹೆರಿಗೆಯ ಸುತ್ತಮುತ್ತ ಹೆಣ್ಣಿನ ಮನಸ್ಸು ಕುಸಿದಾಗ ನಮ್ಮ ಮನೆಗಳು, ಮಠಗಳು, ಆಸ್ಪತ್ರೆಗಳು ನಡೆದುಕೊಂಡಿರುವುದೂ ಬಹುಮಟ್ಟಿಗೆ ಹೀಗೆಯೇ. ಅದಕ್ಕೇ ಈ ಎರಡು ತಾಲ್ಲೂಕುಗಳಲ್ಲಿ ನಿಂತು ಒಂದು ಹಳೆಯ ಧಾರ್ಮಿಕ ಪ್ರಶ್ನೆಯನ್ನು ಮತ್ತೆ ಕೇಳಬಹುದು: ಮನಸ್ಸು ಅಲುಗಿದ ತಾಯಿ ತಪ್ಪಿತಸ್ಥಳೇ?

ಪ್ರಶ್ನೆ ಬರಿಯ ಪುರಾಣದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಗರ್ಭಿಣಿಯರಲ್ಲಿ ನೂರಕ್ಕೆ 10, ಆಗಷ್ಟೇ ಹೆತ್ತವರಲ್ಲಿ 13 ಮಂದಿಗೆ ಖಿನ್ನತೆ ಮೊದಲಾದ ಮಾನಸಿಕ ತೊಂದರೆ ಇರುತ್ತದೆ. ನಮ್ಮಂಥ ದೇಶಗಳಲ್ಲಿ ಇದು ಇನ್ನೂ ಹೆಚ್ಚು, ಕ್ರಮವಾಗಿ 15.6 ಮತ್ತು 19.8. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಬಾಣಂತಿಯರಲ್ಲಿ ಶೇಕಡಾ 22 ಮಂದಿಗೆ ಖಿನ್ನತೆ ಎಂದಿತು. ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಕಂಡದ್ದೂ ಸರಿಸುಮಾರು ಅಷ್ಟೇ, 23. ಬಡತನ, ಗಂಡನ ಹೊಡೆತ, ಜೊತೆಗೆ ಹುಟ್ಟಿದ್ದು ಹೆಣ್ಣುಮಗುವಾದದ್ದು ಈ ಖಿನ್ನತೆಯೊಡನೆ ತಳುಕು ಹಾಕಿಕೊಂಡಿದ್ದವು. ಗಂಡು ಹುಟ್ಟಿದರೆ ಬಡತನದ ಏಟು ಕೂಡ ತುಸು ಮೆತ್ತಗಾಗುತ್ತಿತ್ತು ಎಂಬುದು ಆ ಅಧ್ಯಯನ ಹೇಳಿದ ಕಹಿ ಸಂಗತಿ.

ಇವುಗಳಲ್ಲಿ ಮೂರು ಬಗೆ. ಹೆತ್ತ ಮೂರು ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಖಿನ್ನತೆ ಹಾಗೆ ಹೋಗುವುದಿಲ್ಲ. ಮೂರನೆಯದು ಸಾವಿರ ಹೆರಿಗೆಗೆ ಒಂದೆರಡು: ನಿದ್ದೆ ಪೂರಾ ಹಾರಿ, ಇಲ್ಲದ ದನಿ ಕೇಳಿ, ಮಗು ತನ್ನದಲ್ಲ ಎನ್ನುವವರೆಗೆ ಹೋಗುತ್ತದೆ. ಹಳ್ಳಿಯ ಅಜ್ಜಿಯರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದುದು ಇದಕ್ಕೇ. ಆ ಹೆದರಿಕೆ ಸುಳ್ಳಲ್ಲ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಕಾಯಿಲೆ ಅದು.

ಇನ್ನೊಂದು ಸಂಗತಿಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆನಡಾದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗುವಿಗೆ ತಾನೇ ಏನಾದರೂ ಮಾಡಿಬಿಟ್ಟರೆ ಎಂಬ ಬೇಡದ ಯೋಚನೆ ಒಮ್ಮೆಯಾದರೂ ಬಂದುಹೋಯಿತೆಂದು ಹೊಸ ತಾಯಂದಿರಲ್ಲಿ ಸುಮಾರು ಅರ್ಧ ಮಂದಿ ಒಪ್ಪಿಕೊಂಡಿದ್ದರು. ಇವರು ಕಾಯಿಲೆಯವರಲ್ಲ, ಸಾಧಾರಣ ತಾಯಂದಿರು.  ಮನೋವೈದ್ಯರಿಗೆ ಇದು ಪರಿಚಿತ ವಿಷಯ. ಹೀಗೆ ನುಗ್ಗಿಬರುವ ಯೋಚನೆ ಬೇರೆ, ಸನ್ನಿಯ ಭ್ರಮೆಯಲ್ಲಿ ಸರಿಯೆಂದೇ ತೋರುವ ಯೋಚನೆ ಬೇರೆ. ಮೊದಲನೆಯದು ಕೃತ್ಯದ ಮುನ್ಸೂಚನೆಯಲ್ಲ. ಆದರೆ ತಾಯಿಯೆಂದರೆ ದೇವರು ಎಂದು ಕೇಳುತ್ತಾ ಬೆಳೆದ ಹೆಣ್ಣಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ತನ್ನನ್ನು ರಾಕ್ಷಸಿ ಎಂದುಕೊಳ್ಳುತ್ತಾಳೆ, ಬಾಯಿ ಮುಚ್ಚಿಕೊಳ್ಳುತ್ತಾಳೆ. ರೇಣುಕೆಯ ಅಪರಾಧವೂ ಒಂದು ಯೋಚನೆಯೇ ತಾನೆ.

ಮನಸ್ಸಿನಲ್ಲಿ ಹೊಳೆದದ್ದಕ್ಕೆ ಪಾಪವಿದೆಯೇ? ಶಾಸ್ತ್ರಗಳು ಒಂದೇ ಬಾಯಲ್ಲಿ ಮಾತಾಡುವುದಿಲ್ಲ. ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯ ಮನಸ್ಸಿನಲ್ಲಿ ಕೇಡು ಬಗೆಯುವುದನ್ನೂ ಕರ್ಮದ ಲೆಕ್ಕಕ್ಕೆ ಸೇರಿಸುತ್ತದೆ. ಜೈನರು ಭಾವಹಿಂಸೆಯನ್ನು ಹಿಂಸೆಯೆಂದೇ ಎಣಿಸುತ್ತಾರೆ. ಆದರೆ ಭಾಗವತದ ಮೊದಲ ಸ್ಕಂಧದಲ್ಲಿ, ಕೈಗೆ ಸಿಕ್ಕ ಕಲಿಯನ್ನು ಪರೀಕ್ಷಿತ ಕೊಲ್ಲದೆ ಬಿಟ್ಟದ್ದೇಕೆ ಎಂಬುದಕ್ಕೆ ಕೊಟ್ಟಿರುವ ಕಾರಣ ಸೊಗಸಾದದ್ದು: ಈ ಯುಗದಲ್ಲಿ ಒಳ್ಳೆಯದು ಬೇಗ ಫಲ ಕೊಡುತ್ತದೆ, ಕೆಟ್ಟದ್ದು ಕೈಯಾರೆ ಮಾಡಿದರೆ ಮಾತ್ರ ಫಲಿಸುತ್ತದೆ. ಇದೇ ಸೀಮೆಯ ಶಿರಾಳಕೊಪ್ಪದ ಮುಸ್ಲಿಂ ಮನೆಗಳಿಗೂ ಇಂಥದೇ ಒಂದು ಆಸರೆಯಿದೆ. ಮನಸ್ಸಿಗೆ ಬಂದುಹೋದದ್ದನ್ನು, ಆಡದಿದ್ದರೆ ಮಾಡದಿದ್ದರೆ, ಅಲ್ಲಾಹನು ಮನ್ನಿಸಿದ್ದಾನೆ ಎಂಬ ಪ್ರವಾದಿಯ ಮಾತನ್ನು ಬುಖಾರಿ ಸಂಗ್ರಹ ದಾಖಲಿಸಿದೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸು ಗಾಳಿಯ ಹಾಗೆ ಹಿಡಿತಕ್ಕೆ ಸಿಗದೆಂದು ಅರ್ಜುನ ಗೋಳಿಟ್ಟಾಗ ಕೃಷ್ಣ ಅವನನ್ನು ಬೈಯುವುದಿಲ್ಲ, ನಿಜವೆಂದು ಒಪ್ಪಿಕೊಂಡೇ ಮುಂದಿನ ಮಾತಾಡುತ್ತಾನೆ.

ಅಂದಮೇಲೆ ಸಂಪ್ರದಾಯದಲ್ಲಿ ಕರುಣೆಗೆ ಜಾಗವಿಲ್ಲ ಎನ್ನುವುದು ಸುಳ್ಳು. ಜಾಗವಿದೆ, ಅದು ಗಂಡಸಿಗೆ ಬೇಗ ಸಿಕ್ಕಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲೇ ಇದಕ್ಕೆ ಉದಾಹರಣೆ ಉಂಟು. ಹರಿಹರನ ರಗಳೆಯಲ್ಲಿ ಮದ್ದಳೆಗಾರ ಅಲ್ಲಮ ಹೆಂಡತಿ ಕಮಲತೆ ಜ್ವರದಿಂದ ಸತ್ತ ಮೇಲೆ ಹುಚ್ಚನಂತೆ ಅಲೆಯುತ್ತಾನೆ. ಹಾಗೆ ಕೂತಲ್ಲಿ ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದಾಗ ಹೂತ ಗುಡಿಯ ಕಳಸ ತಗುಲುತ್ತದೆ, ಒಳಗೆ ಅನಿಮಿಷ ಸಿಗುತ್ತಾನೆ. ಊಟ ಬಿಟ್ಟು, ಕೆಲಸ ಬಿಟ್ಟು, ಊರ ಹೊರಗೆ ಕೂತ ಆ ದುಃಖವನ್ನು ಯಾರೂ ದೋಷ ಎನ್ನಲಿಲ್ಲ. ಅದು ಅರಿವಿನ ಬಾಗಿಲಾಯಿತು. ಅಲ್ಲಿಗೆ ಸಮೀಪದ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ತನ್ನ ಮನಸ್ಸಿನ ಮೇಲೆ ಗಂಡನಿಗೂ ಅರಸನಿಗೂ ಹಕ್ಕಿಲ್ಲವೆಂದು ಸಾಧಿಸಿದವಳು, ನಿಜ. ಆದರೆ ಅವಳು ಮನೆ ಬಿಟ್ಟು ಹೋದಳು. ಎದೆಹಾಲು ಕುಡಿಯುವ ಕೂಸಿರುವ ಹೆಣ್ಣು ಶ್ರೀಶೈಲಕ್ಕೆ ನಡೆಯುವಂತಿಲ್ಲ. ಮೂರು ದಿನ ಮಾತು ಬಿಟ್ಟು ಗೋಡೆ ನೋಡುತ್ತ ಮಲಗಿದರೆ ಅದನ್ನು ವೈರಾಗ್ಯವೆಂದು ಯಾವ ಅತ್ತೆಯೂ ಕೈಮುಗಿಯುವುದಿಲ್ಲ.

ಮನೆಯಲ್ಲಿ ಆಗುವುದೇನು? ಹೆತ್ತ ಮೇಲೆ ಪುರುಡು, ಹಾಗಾಗಿ ಗುಡಿಯ ಬಾಗಿಲು ಅವಳಿಗೆ ಮುಚ್ಚಿರುತ್ತದೆ. ದೇವರ ಆಸರೆ ಎಲ್ಲಕ್ಕಿಂತ ಹೆಚ್ಚು ಬೇಕಾದ ದಿನಗಳಲ್ಲೇ ಮೈಲಿಗೆ. ಬಾಣಂತನ ಕೆಟ್ಟದ್ದೆಂದಲ್ಲ. ತವರಿನಲ್ಲಿ ಎಣ್ಣೆನೀರು, ಬಿಸಿ ಊಟ, ಮಗುವನ್ನು ಎತ್ತಿಕೊಳ್ಳಲು ಅಮ್ಮ, ಚಿಕ್ಕಮ್ಮ ಇದ್ದರೆ ಅದಕ್ಕಿಂತ ಒಳ್ಳೆಯ ಮದ್ದು ಅಪರೂಪ. ಇಸ್ಲಾಮಿನಲ್ಲೂ ಹೆರಿಗೆಯ ನಂತರದ ನಿಫಾಸ್ ಕಾಲದಲ್ಲಿ ಬಾಣಂತಿಗೆ ನಮಾಜು, ಉಪವಾಸದಿಂದ ಬಿಡುವಿದೆ. ತೊಡಕು ಇರುವುದು ತವರೇ ಇಲ್ಲದವಳಿಗೆ, ತವರಿದ್ದೂ ಮೂರನೆಯ ಹೆರಿಗೆಗೆ ಯಾರೂ ಕರೆಯದವಳಿಗೆ, ತಾಂಡಾದಿಂದ ಕೂಲಿಗೆ ವಲಸೆ ಹೋದ ಊರಲ್ಲೇ ಹೆರುವವಳಿಗೆ.

ಸರ್ಕಾರ ಇಲ್ಲಿ ಏನೂ ಮಾಡಿಲ್ಲ ಎನ್ನುವಂತಿಲ್ಲ. ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ ಸಾಯುತ್ತಿದ್ದ ತಾಯಂದಿರು 2001–03ರಲ್ಲಿ 228, 2018–20ಕ್ಕೆ 69. ಶೇಕಡಾ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ತಾಯಿ ಕಾರ್ಡು, ಮಡಿಲು ಕಿಟ್, ನಗು-ಮಗು ವಾಹನ, 2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣದ ಬಿಸಿಯೂಟ, ಪ್ರತಿ ತಿಂಗಳ 9ನೇ ತಾರೀಖಿನ ಗರ್ಭಿಣಿ ತಪಾಸಣೆ, ಎಲ್ಲ ಸೇರಿ ಮಾಡಿದ ಕೆಲಸ ಇದು, ಸಣ್ಣದಲ್ಲ. ಇಷ್ಟೆಲ್ಲದರಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಅಳೆದು ಬರೆಯುತ್ತಾರೆ. ಮನಸ್ಸಿನ ಮಾತು ತಡವಾಗಿ ಬಂತು.

ಹಾಗೆಂದು ಮನಸ್ಸಿನ ಆರೋಗ್ಯದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೂ ಅಲ್ಲ. ನಿಮ್ಹಾನ್ಸ್ 1985ರಿಂದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಶಿವಮೊಗ್ಗ ಜಿಲ್ಲೆಯದೇ ತೀರ್ಥಹಳ್ಳಿಯಲ್ಲಿ ಸ್ಕಿಜೋಫ್ರೇನಿಯಾದವರನ್ನು ನಿಮ್ಹಾನ್ಸ್ ತಂಡ ಊರಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದೆ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಮನೋರೋಗದ ಮಾತನ್ನು ಪತ್ರಿಕೆಗಷ್ಟೇ ಅಲ್ಲ, ‘ಕಾಡಿನ ಬೆಂಕಿ’ಯಂಥ ಸಿನಿಮಾ ನಿರ್ಮಿಸಿ ಟಾಕೀಸಿಗೂ ತಂದವರು. 2014ರಲ್ಲಿ ಬಂದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರಬೇಕೆಂದಾಯಿತು. 2022ರ ಅಕ್ಟೋಬರ್ 10ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ 2009ರಲ್ಲಿ ತೆರೆದ ತಾಯಿ-ಮಗು ಘಟಕದಲ್ಲಿ ಬಾಣಂತಿಯನ್ನು ಕೂಸಿನ ಜೊತೆಗೇ ಸೇರಿಸಿಕೊಳ್ಳುತ್ತಾರೆ. ಶುರುವಾದಾಗ ಅಲ್ಲಿದ್ದದ್ದು ಐದು ಹಾಸಿಗೆ. ಸೊರಬದಿಂದ ಸಾಗರದ ಮೇಲೆ ಶಿವಮೊಗ್ಗಕ್ಕೇ ನೂರು ಕಿಲೋಮೀಟರ್ ಆಸುಪಾಸು, ಬೆಂಗಳೂರು ಅಲ್ಲಿಂದ ಇನ್ನೂ ಮುನ್ನೂರು.

ಕಾನೂನು ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದಿದೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 21ನೇ ಕಲಮು, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಎನ್ನುತ್ತದೆ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರಿಗೆ ಕಂಡರೆ ಬೇರೆ ಇಡಬಹುದು, ಆದರೆ 15 ದಿನಕ್ಕೊಮ್ಮೆ ಅದನ್ನು ಮರುಪರಿಶೀಲಿಸಬೇಕು. ಮನಸ್ಸು ಕೆಟ್ಟ ತಾಯಿಯೂ ತಾಯಿಯೇ ಎಂದು ಕಾಯ್ದೆ ಹೇಳಿದಂತಾಯಿತು. ಜಮದಗ್ನಿಯ ಆಶ್ರಮದಲ್ಲಿ ಈ ಮಾತು ಕೇಳಿಬಂದಿರಲಿಲ್ಲ.

ಆದರೆ ಮನೆಬಾಗಿಲಿಗೆ ಬರುವುದು ಕಾಯ್ದೆಯಲ್ಲ, ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಕೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಈ ದಿನಗಳನ್ನು ಇನ್ನೊಮ್ಮೆ ನೋಡಿ. ಮೂರನೆಯ ದಿನ ಅಳು ಶುರುವಾಗುವ ಹೊತ್ತು. ಮೊದಲ ಎರಡು ವಾರ ಸನ್ನಿ ಕಾಣಿಸಿಕೊಳ್ಳುವ ಕಾಲ. ಅಳು ನಿಲ್ಲಬೇಕಾದದ್ದು ನಿಲ್ಲದೆ ಖಿನ್ನತೆಯಾಗಿ ಕೂತಿದೆಯೇ ಎಂಬುದು ಆರನೆಯ ವಾರಕ್ಕೆ ತಿಳಿಯುತ್ತದೆ. ತಾಯಿಯ ಮನಸ್ಸಿಗೆಂದೇ ಪಂಚಾಂಗ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯಲಾಗುತ್ತಿರಲಿಲ್ಲ. ಆದರೆ ಆ ಕಾರ್ಯಕ್ರಮದ ಹೆಸರೇ ನವಜಾತ ಶಿಶುವಿನ ಗೃಹ ಆಧಾರಿತ ಆರೈಕೆ. ಕೂಸಿನ ತೂಕ ನೋಡು, ಮೈ ಬೆಚ್ಚಗಿದೆಯೇ ನೋಡು, ಹೊಕ್ಕುಳು ನೋಡು. ತಾಯಿಯ ರಕ್ತಸ್ರಾವ, ಜ್ವರ, ಹಾಲು ಬರುತ್ತಿದೆಯೇ ಎಂಬುದನ್ನೂ ಕೇಳುತ್ತಾರೆ. “ಯಾಕಮ್ಮಾ, ಮಂಕಾಗಿದೀಯ?” ಎಂದರೆ “ಏನಿಲ್ಲಕ್ಕಾ, ಸುಸ್ತು” ಎಂಬ ಉತ್ತರ ಬರುತ್ತದೆ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆ ಮಾತನ್ನು ಮುಂದುವರಿಸುವ ಸಾಧನ ಇಲ್ಲದಿಲ್ಲ. ಎಡಿನ್‌ಬರೋದಲ್ಲಿ 1987ರಲ್ಲಿ ರೂಪಿಸಿದ, ಖಿನ್ನತೆ ಗುರುತಿಸುವ ಹತ್ತು ಪ್ರಶ್ನೆಗಳ ಮಾಪಕವನ್ನು ಕನ್ನಡಕ್ಕೆ ತಂದು ನಮ್ಮದೇ ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಿದ್ದಾರೆ, ಅದು ಕೆಲಸ ಮಾಡುತ್ತದೆ. ಪಕ್ಕದ ಕೇರಳ ‘ಅಮ್ಮ ಮನಸ್ಸ್’ ಎಂಬ ಹೆಸರಲ್ಲಿ ತಾಯಂದಿರ ಮಾನಸಿಕ ಆರೋಗ್ಯವನ್ನೇ ಒಂದು ಕಾರ್ಯಕ್ರಮ ಮಾಡಿಕೊಂಡಿದೆ. ಪಾಕಿಸ್ತಾನದ ರಾವಲ್ಪಿಂಡಿ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ತಂಡ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಹತ್ತಿರದ್ದು. ನಮ್ಮ ಆಶಾಗಳಂಥ ಲೇಡಿ ಹೆಲ್ತ್ ವರ್ಕರ್‌ಗಳಿಗೆ ತರಬೇತಿ ಕೊಟ್ಟು ಖಿನ್ನ ತಾಯಂದಿರೊಡನೆ ಮಾತಾಡಿಸಿದರು. ಮಗುವಿಗೆ ಆರು ತಿಂಗಳಾಗುವಾಗ ಈ ಮಾತುಕತೆ ಸಿಕ್ಕವರಲ್ಲಿ ಶೇಕಡಾ 23 ಮಂದಿಗೆ ಖಿನ್ನತೆ ಉಳಿದಿತ್ತು, ಸಿಗದವರಲ್ಲಿ 53. ಮಾತ್ರೆಯಿಲ್ಲ, ಮನೋವೈದ್ಯರಿಲ್ಲ.

ಇಲ್ಲೇ ಧರ್ಮಸೂಕ್ಷ್ಮ ಇರುವುದು. ಆ ಪ್ರಯೋಗದವರು ಮನೆಯೊಳಗೆ ಕಾಲಿಡಲು ಹಿಡಿದ ದಾರಿ ಮಗುವಿನದು. ಸೊಸೆಗೆ ಖಿನ್ನತೆ ಎಂದರೆ ಬಾಗಿಲು ಮುಚ್ಚುತ್ತದೆ, ಮೊಮ್ಮಗು ಚೆನ್ನಾಗಿ ಬೆಳೆಯಲು ತಾಯಿ ನಗುನಗುತ್ತಿರಬೇಕು ಎಂದರೆ ತೆರೆಯುತ್ತದೆ. ಜಾಣತನವೇ ಸರಿ, ಫಲವೂ ಕೊಟ್ಟಿತು. ಆದರೂ ಒಪ್ಪಲು ಕಷ್ಟವಾಗುವ ಏನೋ ಅದರಲ್ಲಿದೆ. ಮಗುವಿಗಾಗಿ ತಾಯಿಯನ್ನು ಗುಣಪಡಿಸುವುದಾದರೆ, ಮಗು ಸತ್ತು ಹುಟ್ಟಿದವಳ ಗತಿಯೇನು? ಗರ್ಭ ಇಳಿದುಹೋದವಳನ್ನು ಯಾವ ನೆಪ ಹೇಳಿ ಮಾತಾಡಿಸುವುದು? ಅಂಥವಳ ಕೈಯಲ್ಲಿ ತೂಗಲು ಕೂಸಿಲ್ಲ. ಮನೆಯವರು ಮಾತಾಡಿಸಲು ಹಿಂಜರಿಯುತ್ತಾರೆ, ಸೀಮಂತಕ್ಕೆ ನಾಮಕರಣಕ್ಕೆ ಕರೆಯುವುದಿಲ್ಲ. ದೇವರೆಂದು ಪೂಜೆ ಮಾಡಿದರೂ ಫಲಾನುಭವಿಯೆಂದು ಪಟ್ಟಿ ಮಾಡಿದರೂ ಹೆಣ್ಣಿಗೆ ಬೆಲೆ ಬರುವುದು ಇನ್ನೊಬ್ಬರ ಸಲುವಾಗಿಯೇ ಆದರೆ, ಗುಡಿಗೂ ಆರೋಗ್ಯ ಇಲಾಖೆಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ರಾವಲ್ಪಿಂಡಿಯ ಉಪಾಯ ಬೇಡವೆಂದಲ್ಲ. ಬಾಗಿಲು ತೆರೆಸಲು ಅದಿರಲಿ, ಒಳಗೆ ಹೋದ ಮೇಲೆ ಆಡುವ ಮಾತು ಬೇರೆಯಾಗಲಿ.

ಲೆಕ್ಕದಲ್ಲೂ ಇದೇ ದೋಷ ಬಹುಕಾಲ ಇತ್ತು. ಬಸಿರು ಬಾಣಂತನದಲ್ಲಿ ಹೆಣ್ಣು ಆತ್ಮಹತ್ಯೆ ಮಾಡಿಕೊಂಡರೆ ಅದು ಆಕಸ್ಮಿಕ, ತಾಯಿ ಮರಣವಲ್ಲ ಎಂದು ಬದಿಗಿಡುತ್ತಿದ್ದರು. ಅದನ್ನು ನೇರ ತಾಯಿ ಮರಣವೆಂದೇ ಎಣಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2012ರಲ್ಲಿ. ಅದಾದರೂ ಲೆಕ್ಕ 42 ದಿನಕ್ಕೆ ಮುಗಿಯುತ್ತದೆ. 43ನೆಯ ದಿನದ ಸಾವು ಆ ಪಟ್ಟಿಗೆ ಸೇರದು. ಇದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡಿ: ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಇದೇ ಸೊರಬ ತಾಲ್ಲೂಕಿಗೆ 1957ರಲ್ಲಿ ಪುಣೆಯಿಂದ ವಿಜ್ಞಾನಿಗಳು ಬಂದು ಅದೇ ವರ್ಷ ವೈರಾಣುವನ್ನು ಬೇರ್ಪಡಿಸಿದ್ದರು. ಕಣ್ಣಿಗೆ ಕಾಣುವ ಸಾವಿಗೆ ಸಿಗುವ ಚುರುಕು ಇದು.

ಗುಡಿಗೂ ಸರ್ಕಾರಕ್ಕೂ ಚಂದ್ರಗುತ್ತಿಯಲ್ಲಿ ಮುಖಾಮುಖಿ ಹೊಸದಲ್ಲ. 1986ರ ಜಾತ್ರೆಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೂ ಪೊಲೀಸರ ಮೇಲೂ ಗುಂಪು ಬಿದ್ದು ಬಟ್ಟೆ ಕಳಚಿಸಿತು. ಸರ್ಕಾರ ಆಚರಣೆಯನ್ನು ನಿಷೇಧಿಸಿತು. 2020ರ ಜನವರಿಯಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆ ಬೆತ್ತಲೆ ಸೇವೆಯನ್ನಷ್ಟೇ ಅಲ್ಲ, ದೆವ್ವ ಬಿಡಿಸುವ ನೆಪದ ಹೊಡೆತವನ್ನೂ ಮುಟ್ಟಾದವರನ್ನು, ಗರ್ಭಿಣಿಯರನ್ನು ಊರ ಹೊರಗಿಡುವುದನ್ನೂ ಅಪರಾಧವಾಗಿಸಿದೆ. ಇಂಥವಕ್ಕೆ ಪೊಲೀಸು ಬೇಕೇ ಬೇಕು. ಆದರೆ ಬಾಣಂತಿಗೆ ಗಾಳಿ ಸೋಕಿದೆ ಎಂದು ಗುಡಿಗೆ ಕರೆತರುವ ಎಲ್ಲರೂ ಹೊಡೆಸಲು ಬರುವವರಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ನೋಡಿ 2002ರಲ್ಲಿ ಬರೆದ ವರದಿ ಇಲ್ಲಿ ನೆನಪಾಗಬೇಕು. ಔಷಧಿಯಿಲ್ಲದೆ, ವಿಶೇಷ ವಿಧಿಗಳೂ ಇಲ್ಲದೆ, ಕೆಲವು ವಾರ ಅಲ್ಲಿದ್ದಷ್ಟಕ್ಕೇ ಅವರ ಲಕ್ಷಣಗಳು ಸರಾಸರಿ ಐದರಲ್ಲೊಂದು ಪಾಲು ಇಳಿದಿದ್ದವು. ಗದರದ, ಅಟ್ಟದ, ಅನ್ನ ಹಾಕುವ ಜಾಗವೂ ಔಷಧದ ಒಂದು ಭಾಗ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ದುವಾ ಮಾಡುವ ಮುಜಾವರರೇ ಪಕ್ಕದ ಮನೋವೈದ್ಯರ ಬಳಿಗೆ ರೋಗಿಗಳನ್ನು ಕಳಿಸುವ ಏರ್ಪಾಡು ನಡೆದಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರಲ್ಲಿ ಸರಪಳಿಯಲ್ಲಿದ್ದ 28 ಮಾನಸಿಕ ರೋಗಿಗಳು ಸುಟ್ಟುಹೋದ ದೇಶದಲ್ಲೇ ಇದೂ ಸಾಧ್ಯವಾಗಿದೆ.

ಈ ಸೀಮೆಗೆ ಗುಜರಾತಿನ ಮಾದರಿಯೂ ಬೇಡ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಬಣ್ಣಿಸುವಾಗ ವೇದ, ವ್ಯಾಕರಣಗಳ ಪಾಠದ ಜೊತೆಗೇ ದಿಕ್ಕಿಲ್ಲದವರಿಗೆ ಅನ್ನ, ಅನಾಥ ರೋಗಿಗಳಿಗೆ ಮದ್ದು ಸಿಗುವ ಜಾಗವೆಂದೂ ಸಕಲ ಜೀವಿಗಳಿಗೆ ಅಭಯದ ಜಾಗವೆಂದೂ ಹೇಳುತ್ತದೆ. ಆ ಮಠದ ಕಾಳಾಮುಖ ಶೈವರಿಗೆ ಗುಡಿ ಮತ್ತು ಆಸ್ಪತ್ರೆ ಒಂದೇ ಅಂಗಳದಲ್ಲಿದ್ದವು. ಅದು ಅವರಿಗೆ ತತ್ತ್ವದ ತೊಡಕಾಗಿ ಕಂಡಂತಿಲ್ಲ.

ವೈದ್ಯರ ಕೈಲಾಗದ ಒಂದು ಕೆಲಸ ಗುಡಿಯದು. ಮನೋವೈದ್ಯರು ಮಾತ್ರೆ ಬರೆಯಬಲ್ಲರು, ಇದು ಕಾಯಿಲೆ ಎಂದು ತಿಳಿಹೇಳಬಲ್ಲರು. ಇದು ಪಾಪವಲ್ಲ ಎಂದು ಹೇಳುವ ಅಧಿಕಾರ ಅವರಿಗಿಲ್ಲ, ಹೇಳಿದರೂ ಅತ್ತೆ ನಂಬುವುದಿಲ್ಲ. ಆ ಮಾತು ಪೂಜಾರಿಯ, ಸ್ವಾಮೀಜಿಯ, ಮೌಲವಿಯ ಬಾಯಿಂದ ಬಂದರೆ ಅದರ ತೂಕವೇ ಬೇರೆ. ಭಾಗವತದ ಒಂದು ಶ್ಲೋಕ, ಬುಖಾರಿಯ ಒಂದು ಹದೀಸು ಅದಕ್ಕೆ ಪ್ರಮಾಣವಾಗಿ ಸಾಕು. ಹೊಸ ಶಾಸ್ತ್ರ ಹುಡುಕಬೇಕಿಲ್ಲ. ಆರೋಗ್ಯ ಇಲಾಖೆ ಆಶಾಗಳಿಗೆ, ಅಂಗನವಾಡಿಯವರಿಗೆ ತರಬೇತಿ ಕೊಡುವಾಗ ಚಂದ್ರಗುತ್ತಿಯ ಅರ್ಚಕರನ್ನೂ ಶಿಕಾರಿಪುರ, ಸೊರಬದ ಮಠದವರನ್ನೂ ಮಸೀದಿಯವರನ್ನೂ ಕರೆದು, ಯಾವ ಲಕ್ಷಣ ಕಂಡರೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು ಎಂದು ತಿಳಿಸಿದರೆ ಖರ್ಚು ಹೆಚ್ಚಾಗದು. ಜಾತ್ರೆಯಲ್ಲಿ ಕಾಯಿ ಮಾರುವ ಸಾಲಿನ ಪಕ್ಕ ಒಂದು ಬೋರ್ಡಿನಲ್ಲಿ 14416 ಬರೆಸುವುದಕ್ಕಂತೂ ಸುತ್ತೋಲೆಯೂ ಬೇಡ.